ಉತ್ತರ ಬರುವವರೆಗೆ ನೀಲಮ್ಮ

ನೀಲಮ್ಮನವರು ಪ್ರಶ್ನೆ ಕೇಳಿದ ಮೇಲೆ ಸುಮ್ಮನಾಗುತ್ತಿದ್ದರು. ಇದರಲ್ಲೇನು ವಿಶೇಷ ಎನ್ನಬಹುದು. ನಾವೆಲ್ಲ ಒಂದು ಪ್ರಶ್ನೆ ಕೇಳಿ, ಎದುರಿನವರು ತಡವರಿಸಿದರೆ ಅವರ ಪರವಾಗಿ ನಾವೇ ಉತ್ತರ ಒದಗಿಸಿ, ‘ಹೋಗ್ಲಿ ಬಿಡಿ’ ಎಂದು ಮುಗಿಸುತ್ತೇವೆ. ನೀಲಮ್ಮ ಹಾಗೆ ಮಾಡುತ್ತಿರಲಿಲ್ಲ. ಇಳಕಲ್ ಸೀರೆಯ ಸೆರಗನ್ನು ಎಡಗೈಯಲ್ಲಿ ಹಿಡಿದು, ಎದುರಿನವರ ಮುಖ ನೋಡುತ್ತ ಕಾಯುತ್ತಿದ್ದರು. ಸಿಟ್ಟಿಲ್ಲ, ಅವಸರವಿಲ್ಲ. ಬಂದೇ ಬರುವ ಬಸ್ಸಿಗೆ ನಿಂತವರ ಹಾಗೆ.

ಎಪ್ಪತ್ತರ ದಶಕದ ನಡುವೆ ಅವರ ಯಜಮಾನರಿಗೆ ಗದಗಿನಿಂದ ಬೆಂಗಳೂರಿಗೆ ವರ್ಗವಾಗಿ, ರಾಜಾಜಿನಗರದ ನಮ್ಮ ಬೀದಿಗೆ ಬಾಡಿಗೆಗೆ ಬಂದರು. ಮೂರು ವರ್ಷ ಇದ್ದು ರಾಯಚೂರಿಗೆ ಹೋದರು. ಆಮೇಲೆ ನಾನು ಅವರನ್ನು ಕಂಡಿಲ್ಲ. ಆದರೆ ಆ ಮೂರು ವರ್ಷದಲ್ಲಿ ಬೀದಿಯ ಎಲ್ಲರಿಗೂ ಅವರ ರುಚಿ ಸಿಕ್ಕಿತ್ತು. ಸೀಮೆಎಣ್ಣೆ ಅಂಗಡಿಯವನು ದಿನವೂ ‘ನಾಳೆ ಬನ್ನಿ’ ಎಂದು ಕ್ಯೂ ಕರಗಿಸುತ್ತಿದ್ದ. ನೀಲಮ್ಮ, “ನಾಳಿ ಅಂದ್ರ ಎಷ್ಟೊತ್ತಿಗ್ರೀ ಅಣ್ಣಾರ?” ಎಂದರು. “ಬೆಳಿಗ್ಗೆ.” “ಮುಂಜಾನಿ ಅಂದ್ರ?” ಅವನು ಲೆಕ್ಕದ ಪುಸ್ತಕ ತಿರುವಿದ. ಇವರು ಡಬ್ಬ ಕೆಳಗಿಟ್ಟು ನಿಂತರು. ಹಿಂದಿದ್ದವರೂ ನಿಂತರು. ಕೊನೆಗೆ ಅವನು, “ಎಂಟು ಗಂಟೆಗೆ ಬನ್ನಿ ತಾಯಿ, ಕೊಡ್ತೀನಿ” ಎಂದ. ಕೊಟ್ಟ ಕೂಡ. ನಮ್ಮಮ್ಮ ಮನೆಗೆ ಬಂದು, “ಆ ನೀಲಮ್ಮನ ಜೊತೆ ಕ್ಯೂನಲ್ಲಿ ನಿಂತ್ರೆ ಮಾನ ಹೋಗತ್ತೆ, ಆದ್ರೆ ಸೀಮೆಎಣ್ಣೆ ಸಿಗತ್ತೆ ಕಣೇ” ಎಂದಳು.

ಅವರ ಮಗಳು ಶೈಲಾ, ಹತ್ತು ವರ್ಷದವಳು, ನಮ್ಮ ವ್ಯಾಯಾಮಶಾಲೆಗೆ ಜಿಮ್ನಾಸ್ಟಿಕ್ಸ್ ಕಲಿಯಲು ಸೇರಿದಳು. ನನಗೆ ಆಗ ಹದಿನೆಂಟು. ರಾಜ್ಯ ತಂಡದಲ್ಲಿದ್ದೆ, ಜೊತೆಗೆ ಚಿಕ್ಕವರನ್ನು ತಿದ್ದುವ ಕೆಲಸ ನನ್ನದು. ಐದಕ್ಕೆ ಏಳುವುದು, ಐದೂಮುಕ್ಕಾಲಿಗೆ ಬಾಗಿಲು ತೆಗೆಯುವುದು, ಮ್ಯಾಟುಗಳನ್ನು ಅಂಚಿಗೆ ಅಂಚು ಕೂಡಿಸಿ ಹಾಸುವುದು. ಈ ಶಿಸ್ತು ಇಂದಿಗೂ ನನ್ನನ್ನು ಬಿಟ್ಟಿಲ್ಲ, ಅದರ ಬಗ್ಗೆ ನನಗೆ ದೂರೂ ಇಲ್ಲ. ಕಲಿಸಿದವರು ನಮ್ಮ ಕೋಚ್. ನಾವು ‘ಸಾರ್’ ಎನ್ನುತ್ತಿದ್ದೆವು. ಅವರಷ್ಟು ಕಣ್ಣು ಚುರುಕಾದ ಗುರು ಊರಲ್ಲಿರಲಿಲ್ಲ. ಅವರ ಕೈಕೆಳಗೆ ಕಲಿತವರು ಪದಕ ತರುತ್ತಿದ್ದರು. ಪದಕ ತರುವವರ ಬೆತ್ತವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಬೆತ್ತಕ್ಕಿಂತ ನಾವು ಹೆದರುತ್ತಿದ್ದದ್ದು ಇನ್ನೊಂದಕ್ಕೆ. ಒಂದೇ ತಪ್ಪನ್ನು ಮೂರು ಸಲ ಮಾಡಿದರೆ ಸಾರ್ “ಮ್ಯಾಟ್ ತೆಗಿ” ಎನ್ನುತ್ತಿದ್ದರು. ನಾವು ಹಿಡಿದು ತೂಗುವ ಎತ್ತರ-ತಗ್ಗಿನ ಎರಡು ಅಡ್ಡಕಂಬಿಗಳಿಗೆ ಬಾರ್ ಎನ್ನುತ್ತಿದ್ದೆವು; ಅವುಗಳ ಕೆಳಗೆ ಹಾಸಿದ ನಾರಿನ ಮ್ಯಾಟನ್ನು ಎಳೆದುಬಿಡಬೇಕು. ನಾಲ್ಕನೇ ಸಲ ಬರಿಯ ಸಿಮೆಂಟು ನೆಲದ ಮೇಲೆ. “ಭಯ ಬಂದ್ರೆ ಕೈ ತಾನಾಗೇ ಹಿಡಿಯತ್ತೆ” ಎಂಬುದು ಅವರ ಮಾತು. ಹೆಚ್ಚಿನ ಸಲ ಹಿಡಿಯುತ್ತಲೂ ಇತ್ತು. ನೀಲಮ್ಮ ಬರುವ ಎರಡು ವರ್ಷ ಮೊದಲು, ಹದಿನಾಲ್ಕರ ವಿಮಲಾಳ ಕೈ ಹಿಡಿಯಲಿಲ್ಲ. ಅವಳ ಮಣಿಕಟ್ಟು ಆ ವಾರವಿಡೀ ಊದಿತ್ತು. ಮೇಲಿನ ಬಾರ್‌ನಿಂದ ಬಿದ್ದು ಬಲಮೊಣಕೈ ಮುರಿಯಿತು. ‘ನಾನಿಲ್ಲದಾಗ ಹಠ ಮಾಡಿ ಹತ್ತಿ ಬಿದ್ದಳು’ ಎಂದು ಸಾರ್ ಅವಳ ತಂದೆಗೆ ಹೇಳಿದರು. ಕಮಿಟಿಗೂ ಹಾಗೇ ಹೇಳಿದರು. ವಿಮಲಾ ಮತ್ತೆ ಬರಲಿಲ್ಲ.

ಅವತ್ತು ಮ್ಯಾಟು ಎಳೆದವಳು ನಾನು. ಯಾರಿಗೂ ಹೇಳಿರಲಿಲ್ಲ.

ನೀಲಮ್ಮ ದಿನವೂ ಮಗಳ ಜೊತೆ ಬಂದು ಒಳಗೇ ಕೂರುತ್ತಿದ್ದರು. ಸಾರ್‌ಗೆ ಅದು ಹಿಡಿಸುತ್ತಿರಲಿಲ್ಲ. ಆದರೆ ‘ಇಲ್ಲಿ ಯಾಕ ಕೂಡಬಾರ್ದ್ರೀ?’ ಎಂದು ಕೇಳಿ ನೀಲಮ್ಮ ಅಲ್ಲೇ ಕೂತರು. ಒಂದು ಸಂಜೆ ನಾನು ಶೈಲಾಳ ಕಾಲುಗಳನ್ನು ಅಗಲಿಸಿ ಕೂರಿಸಿ, ಬೆನ್ನ ಮೇಲೆ ನನ್ನ ಭಾರ ಹಾಕಿ ನೆಲಕ್ಕೆ ಒತ್ತುತ್ತಿದ್ದೆ. ಮಗು ಅಳುತ್ತಿತ್ತು. ನಾನು ಎಂಟರವರೆಗೆ ಎಣಿಸುತ್ತಿದ್ದೆ. ನೀಲಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಪದ್ಮಾ, ನಿನಗ ಹಿಂಗ ಮಾಡಿದಾಗ ನೀನೂ ಅತ್ತಿದ್ಯೇನು?”

“ಎಲ್ರಿಗೂ ಹೀಗೇ ಆಂಟಿ.”

“ಎಲ್ಲಾರದೂ ಕೇಳಲಿಲ್ಲ ನಾ. ನಿಂದು ಕೇಳಿದ್ನಿ.”

ಅವರು ಕಾದರು. ನಾನು ಎಣಿಕೆ ಮರೆತೆ. ಮಗುವಿನ ಬೆನ್ನಿಂದ ಎದ್ದು, “ಅತ್ತಿದ್ದೆ” ಎಂದೆ. ಅವರು ತಲೆಯಾಡಿಸಿ ಹೋಗಿ ಕೂತರು. ಅಷ್ಟೇ. ಮರುದಿನದಿಂದ ಶೈಲಾಳನ್ನು ಕಳಿಸುವುದನ್ನು ನಿಲ್ಲಿಸಿದರು.

ದಸರಾ ರಜೆಗೆ ಮೂರು ವಾರದ ಶಿಬಿರ ನಿಗದಿಯಾಯಿತು. ಹುಡುಗಿಯರು ಅಲ್ಲೇ ಉಳಿಯಬೇಕು, ಮನೆಯವರು ಬಂದು ನೋಡುವಂತಿಲ್ಲ. ಸಹಿ ಹಾಕಿಸಲು ಕಮಿಟಿಯವರು ಪೋಷಕರ ಸಭೆ ಕರೆದರು. ಪಟ್ಟಿಯಲ್ಲಿ ಶೈಲಾಳ ಹೆಸರು ಇನ್ನೂ ಇದ್ದದ್ದರಿಂದ ನೀಲಮ್ಮನೂ ಬಂದರು. ಸಾರ್ ಫಾರಂ ಹಂಚಿ, “ಏನಾದ್ರೂ ಕೇಳೋದಿದ್ರೆ ಕೇಳಿ” ಎಂದರು. ಯಾರೂ ಕೇಳುವುದಿಲ್ಲ ಎಂಬ ಧೈರ್ಯದಿಂದ ಆಡಿದ ಮಾತದು.

ನೀಲಮ್ಮ ಎದ್ದರು. “ಎರಡು ವರ್ಷದ ಹಿಂದ ವಿಮಲಾ ಅಂತ ಹುಡುಗಿ ಬಿದ್ದು ಕೈ ಮುರ್ಕೊಂಡಳಂತ. ಹೆಂಗ ಬಿದ್ದಳ್ರೀ?”

“ಹೇಳಿದ ಮಾತು ಕೇಳ್ಲಿಲ್ಲ, ಬಿದ್ದಳು. ಅವರ ತಂದೆಗೂ ಗೊತ್ತಿದೆ.”

“ಕೆಳಗ ಮ್ಯಾಟ್ ಇತ್ತೇನ್ರೀ?”

“ಇರ್ಲಿಲ್ಲ.”

“ಯಾರು ತಗದಿದ್ರು?”

“ಅದೆಲ್ಲ ಹಳೇ ವಿಷಯ ಅಮ್ಮ. ಈಗ ಯಾಕೆ?”

ಹಿಂದಿನ ಸಾಲಿನಿಂದ ಯಾರೋ ತಂದೆ, “ಬಿಡಿ ಮೇಡಂ, ಹೊತ್ತಾಯ್ತು, ಸಹಿ ಹಾಕಿ ಹೋಗೋಣ” ಎಂದರು. ನೀಲಮ್ಮ ಅತ್ತ ತಿರುಗಲಿಲ್ಲ. ಸೆರಗು ಹಿಡಿದು ಸಾರ್ ಮುಖ ನೋಡುತ್ತ ನಿಂತರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಶಿಬಿರದ ಪಟ್ಟಿ ನನ್ನ ಕೈಯಲ್ಲಿತ್ತು. ಅದರಲ್ಲಿ ಹನ್ನೊಂದು ಹುಡುಗಿಯರ ಹೆಸರು. ಶಿಬಿರದಲ್ಲಿ ಮ್ಯಾಟು ಎಳೆಯುವ ಕೆಲಸ ಮತ್ತೆ ನನ್ನದೇ.  ನಾನು ಎದ್ದು, “ನಾನು ತೆಗೆದೆ” ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ನೀಲಮ್ಮ ಮಾತ್ರ ಸಾರ್ ಮೇಲಿನ ಕಣ್ಣು ಕೀಳಲಿಲ್ಲ.

ಸಾರ್ ಕುರ್ಚಿಯ ಮೇಲೆ ಕೂತರು. ಅವರು ಕೂತದ್ದನ್ನು ನಾವು ನೋಡಿದ್ದೇ ಕಡಿಮೆ. “ಅವಳದೇನೂ ಇಲ್ಲ. ಆಗ ಅವಳಿಗೆ ಹದಿನಾರು. ತೆಗಿ ಅಂದಿದ್ದು ನಾನು. ಹತ್ತು ಅಂದಿದ್ದೂ ನಾನೇ” ಎಂದರು.

ನನ್ನ ಎದೆಯ ಮೇಲೆ ಎರಡು ವರ್ಷದಿಂದ ಕೂತಿದ್ದದ್ದು ಎದ್ದುಹೋದಂತಾಯಿತು. ಅಳು ಬರಲಿಲ್ಲ. ಹಸಿವಾಯಿತು, ನೆನಪಿದೆ.

“ಹಂಗಾದ್ರ ಅದನ್ನ ಆ ಹುಡುಗಿ ಮನೀಗ್ಹೋಗಿ ಹೇಳ್ತೀರೇನ್ರೀ?” ಎಂದರು ನೀಲಮ್ಮ. ಸಾರ್ ಎದ್ದು ಹೊರಗೆ ನಡೆದರು. ಅವತ್ತು ಯಾರೂ ಸಹಿ ಹಾಕಲಿಲ್ಲ. ಮೂರು ದಿನದ ಮೇಲೆ ಸಾರ್ ಕೈಬರಹದ ಒಂದು ಕಾಗದ ನೀಲಮ್ಮನ ಮನೆಗೆ ಬಂತು. ವಿಮಲಾಳ ತಂದೆಯ ಹೆಸರಿಗೆ ಬರೆದದ್ದು. ‘ನನಗೆ ಬರುವ ಧೈರ್ಯವಿಲ್ಲ, ತಲುಪಿಸಿ’ ಎಂದು ಲಕೋಟೆಯ ಮೇಲೆ ಗೀಚಿದ್ದರು. ಕಮಿಟಿಯವರು ಹೆಣ್ಣುಮಕ್ಕಳ ವಿಭಾಗವನ್ನು ಅವರ ಕೈಯಿಂದ ತೆಗೆದು, ಹೊಸಬರು ಬರುವವರೆಗೆ ನನಗೆ ಒಪ್ಪಿಸಿದರು.

ವಿಮಲಾಳ ತಂದೆ ಕೆಂಗೇರಿಯಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಭಾನುವಾರ ನೀಲಮ್ಮ ನನ್ನನ್ನೂ ಕರೆದುಕೊಂಡು ಮಾರ್ಕೆಟ್‌ನಲ್ಲಿ ಬಸ್ಸು ಹತ್ತಿದರು. ದಾರಿಯಲ್ಲಿ ಕೇಳಿದೆ: “ಮ್ಯಾಟ್ ಎಳೆದಿದ್ದು ನಾನು ಅಂತ ನಿಮಗೆ ಮೊದಲೇ ಗೊತ್ತಿತ್ತಾ ಆಂಟಿ?”

“ಅವತ್ತ ಕಂಡ ಹುಡುಗ್ಯಾರು ತಮ್ಮತಮ್ಮಾಗ ಮಾತಾಡ್ತಾರಲ್ಲ. ಶೈಲಾ ಹೇಳಿದ್ಳು.”

“ಮತ್ತೆ ನನ್ನನ್ನೇ ಯಾಕೆ ಕೇಳ್ಲಿಲ್ಲ?”

“ನಿನ್ನ ಕೇಳಿದ್ರ ಎಲ್ಲಾ ನಿನ್ನ ತಲಿಮ್ಯಾಲ ಹಾಕಿ, ಸಹಿ ಮಾಡಿ ಮನೀಗ ಹೋಗಿಬಿಡ್ತಿದ್ರು.”

ವಿಮಲಾಳ ತಂದೆ ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, ಪಕ್ಕದಲ್ಲಿ ನಿಂತಿದ್ದ ವಿಮಲಾಳ ಕಡೆ ತಿರುಗಿ, “ನೀನು ಅವತ್ತೇ ಹೇಳಿದ್ದೆ ಅಲ್ವೇನಮ್ಮ” ಎಂದರು.

“ಹೇಳಿದ್ದೆ. ನೀವು ನಂಬ್ಲಿಲ್ಲ.”

“ಕಲಿಸಿದವರು ಸುಳ್ಳು ಹೇಳ್ತಾರಾ ಅಂದ್ಕೊಂಡೆ.” “ತಪ್ಪಾಯ್ತು ಮಗಳೇ” ಎಂದರು. ವಿಮಲಾ ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು ತಾನೂ ಓದಿದಳು. ಅವಳ ಬಲಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ.

“ಎಳೆದಿದ್ದು ನಾನು ಕಣೇ” ಎಂದೆ.

“ಗೊತ್ತು. ನಾನು ಬಾರ್ ಮೇಲಿದ್ದೆ, ಮೇಲಿಂದ ಎಲ್ಲ ಕಾಣ್ಸತ್ತೆ. ಎಳೆದವಳು ಸುಮ್ನಿದ್ಯಾ? ಗೋಡೆಗೆ ನೀಟಾಗಿ ಒರಗಿಸಿ ಬೇರೆ ಇಟ್ಟೆ.”

ಮೊದಲು ನಕ್ಕವಳು ಅವಳೇ. ಆಮೇಲೆ ನಾನು ನಕ್ಕೆ, ನಗುತ್ತ ಅತ್ತೆ. ಅವರ ಮನೆಯಲ್ಲಿ ನಾಲ್ಕು ದೋಸೆ ತಿಂದೆ. ಬಾರ್ ಹಿಡಿಯುವವರು ತೂಕ ಏರಬಾರದು; ಎರಡು ವರ್ಷದಲ್ಲಿ ಆ ಯೋಚನೆಯಿಲ್ಲದೆ ತಿಂದ ಮೊದಲ ತಿಂಡಿ ಅದು. ಹೊರಡುವಾಗ, “ನನ್ನನ್ನ ಕ್ಷಮಿಸಿದೀಯಾ?” ಎಂದದ್ದಕ್ಕೆ ವಿಮಲಾ, “ಇನ್ನೊಂದ್ ಸಲ ಬಾ, ಹೇಳ್ತೀನಿ” ಎಂದಳು. ನಾನು ಹೋದೆ. ಈಗಲೂ ಹೋಗುತ್ತಿರುತ್ತೇನೆ.

ಸೋಮವಾರ ಸಂಜೆ ನಾನು ಬಾರ್‌ನ ಕೆಳಗೆ ಎರಡು ಪದರ ಮ್ಯಾಟು ಹಾಸುತ್ತಿದ್ದಾಗ ಬಾಗಿಲಲ್ಲಿ ನೀಲಮ್ಮ ನಿಂತಿದ್ದರು, ಶೈಲಾಳ ಕೈ ಹಿಡಿದು. ಮಗಳನ್ನು ಒಳಗೆ ಬಿಟ್ಟರು. ತಾವು ಹೊಸಿಲು ದಾಟಲಿಲ್ಲ.

“ಕೂತ್ಕೊಳಲ್ವಾ ಆಂಟಿ?”

“ಮನ್ಯಾಗ ಕೆಲಸ ಐತಿ” ಎಂದರು ನೀಲಮ್ಮ. “ಏಳಕ್ಕ ಬಂದು ಕರ್ಕೊಂಡು ಹೋಗ್ತೀನಿ.”