ದೊಡ್ಡಪ್ಪನ ಕೋವಿಯ ಮೇಲಿನ ಹೆಸರು

ಹೊಲಿಗೆ ಮೆಷೀನಿಗೆ ಎಣ್ಣೆ ಬಿಡುವಾಗ ಆ ವಾಸನೆಗೆ ಕೊಳ್ಳೇಗಾಲದ ಪಕ್ಕದ ಮನೆಯ ದೊಡ್ಡಪ್ಪ ನೆನಪಾಗುತ್ತಾರೆ. ಕೋವಿಗೂ ಅವರು ಇದೇ ಎಣ್ಣೆ ಸವರುತ್ತಿದ್ದರು...

ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಮದುವೆಯಾಗಿ ಹೊಸದಾಗಿ ಬಂದಿದ್ದೆ. ಅವತ್ತು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲು ಕಾಸಿ ಇಳಿಸಿದ್ದೆ. ಗೋಡೆಯಾಚೆಯಿಂದ ದೊಡ್ಡಪ್ಪ ಕೂಗಿದರು: "ಮಗಾ, ವಸಿ ಬಾವ್ವ. ಕಾನ್ವೆಂಟಲ್ಲಿ ಓದ್ದೋಳು ನೀನು. ಇಂಗ್ಲೀಸು ಓದ್ಕೊಡು."

ಜಗಲಿಯ ಚಾಪೆಯ ಮೇಲೆ ಅವರ ತಾತನ ಕೋವಿ ಮಲಗಿತ್ತು. ಲೊಕ್ಕನಹಳ್ಳಿ ಕಾಡಿನಲ್ಲಿ ಬೇಟೆಗೆ ದಾರಿ ತೋರಿಸಿದ್ದಕ್ಕೆ ಯಾರೋ ಬಿಳಿ ದೊರೆ ಕೊಟ್ಟದ್ದಂತೆ. ಅದನ್ನು ಮಾರಿ ಹನೂರಿನ ಹೊಲದಲ್ಲಿ ಬಾವಿ ತೋಡಿಸಬೇಕೆಂದು ದೊಡ್ಡಪ್ಪನ ಆಸೆ. ಯಳಂದೂರಿಗೆ ನೆಂಟರ ಮನೆಗೆ ಬಂದಿದ್ದ ಮೈಸೂರಿನ ಕೋವಿ ಅಂಗಡಿಯವರನ್ನು ಬೆಲೆ ಕಟ್ಟಲು ಕರೆಸಿದ್ದರು.

ಅಂಗಡಿಯವರು ನಳಿಗೆಯ ಬಾಯಿಗೆ ಕಣ್ಣಿಟ್ಟರು. "ಒಳಗೆ ಸುರುಳಿ ಗೆರೆ ಇದೆ. ನಾಡಕೋವಿ ಅಲ್ಲ, ರೈಫಲ್ಲೇ."

ದೊಡ್ಡಪ್ಪ ಮೀಸೆಯಡಿ ನಕ್ಕರು.

"ಆದ್ರೆ ಇಂಥದ್ದನ್ನೇ ನೋಡ್ಕೊಂಡು ನಮ್ಮ ಕಡೆ ಕಮ್ಮಾರರೂ ನಕಲು ಮಾಡ್ತಿದ್ರು. ಮಾಡಿದವರ ಹೆಸರು ಗುಂಡು ಸಿಡಿಸೋ ಕುದುರೆ ಪಕ್ಕದ ತಗಡಿನ ಮೇಲಿರುತ್ತೆ. ಸೀಮೆಯ, ಅಂದ್ರೆ ಇಂಗ್ಲೆಂಡಿನ, ಹೆಸರಿದ್ರೆ ಬೆಲೆಯೇ ಬೇರೆ."

ನಾನು ಬಗ್ಗಿ ನೋಡಿದೆ. ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು. ಅಕ್ಷರವೆಂದರೆ ಅಕ್ಷರ, ಗೀರೆಂದರೆ ಗೀರು... ಒಂದು 'ಎಸ್' ಇರಬಹುದು, ಇಲ್ಲವೇ ಬಳ್ಳಿಯ ಚಿತ್ತಾರದ ತುದಿ.

"ಯಾರು ಹೀಗೆ ಉಜ್ಜಿದ್ದು?" ಎಂದರು ಅಂಗಡಿಯವರು.

"ನಾನೇ ಕಣ್ರಿ," ಎಂದರು ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ. "ಆಯುಧಪೂಜೆಗೆ ಕೊಳೆ ಕೋವಿ ಇಡಕಾದ್ದಾ? ವರ್ಸವರ್ಸ ದೇವ್ರ ಸಾಮಾನಿನ ಜತೆ ಉಣಸೇಅಣ್ಣು, ಇಟ್ಟಿಗೆಪುಡಿ ಆಕಿ ಬೆಳಗ್ತೀನಿ. ನಮ್ಮತ್ತೇರೂ ಬೆಳಗ್ತಿದ್ರು."

"ಹಾಗಾದ್ರೆ ಇದು ಸೀಮೆಯದೋ ಕಮ್ಮಾರನದೋ ಹೇಳೋಕಾಗಲ್ಲ. ಬೆಲೆ ಹೇಗೆ ಕಟ್ಟಲಿ?"

ದೊಡ್ಡಪ್ಪ ಬಯ್ಯುತ್ತಾರೆಂದು ನಾನು ಸೆರಗು ಹಿಡಿದು ನಿಂತೆ. ಬಯ್ಯಲಿಲ್ಲ. "ಇನ್ನೊಂದ್ಸಲ ನೋಡವ್ವ," ಎಂದರು. ನೋಡಿದೆ. ತಗಡಿನಲ್ಲಿ ಅವರ ಮುಖವೇ ಕಾಣುತ್ತಿತ್ತು.

ಬಾವಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಈಗ ಇಬ್ಬರೂ ಇಲ್ಲ. ಕೋವಿ ಯಾರ ಪಾಲಾಯಿತೋ... ಬೇಕೆಂದೇ ಹೆಸರು ಅಳಿಸಿದರೆನ್ನಲು ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ, ಅದು ನಿಜ. ಆದರೂ ಅಂದು ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಲು ನಮ್ಮ ಮನೆಗೆ ಬಂದ ಎದುರುಮನೆಯಾಕೆ, ಮೆಟ್ಟಿಲಿಳಿಯುತ್ತಾ ಅಂದರು:

"ಕೋವಿ ಮಾರೋದು ನಿಂತಿದ್ದು ಒಳ್ಳೇದೇ ಆಯ್ತು ಬುಡಿ. ಅದ ಮಾರ್ತಾರೆ ಅಂತ ನೆನ್ನೆಯಿಂದ ಅನ್ನ ಮುಟ್ಟಿರ್ನಿಲ್ಲ ದೊಡ್ಡಮ್ಮ. ಈಗ ನಮ್ಮನೇಲಿ ಕುಂತ್ಕಂಡು ಎಲ್ಡು ಮುದ್ದೆ ಉಂಡವ್ರೆ, ನಗ್ತಾ ನಗ್ತಾ!"