ನಕ್ಷಾ ಓಣಿಯ ಮೊದಲ ಮನೆ

ಮೊನ್ನೆ ಮಳೆ ಬಂದಾಗ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದೆ. ಒಳಗೆ ಬಂದು ಮುಖ ಒರೆಸಿಕೊಳ್ಳುವಾಗ ಅಂಗೈಯಿಂದ ತೊಯ್ದ ಕಬ್ಬಿಣದ ವಾಸನೆ ಬಂತು. ಆ ವಾಸನೆ ನನಗೆ ಮೊದಲು ಗೊತ್ತಾದದ್ದು ಒಂಬತ್ತನೆಯ ವಯಸ್ಸಿನಲ್ಲಿ, ಕುಷ್ಟಗಿಯಲ್ಲಿ, ನಮ್ಮ ಎದುರುಮನೆಯ ದೊಡ್ಡವ್ವ ಊರ ಹೊರಗೆ ಕಟ್ಟಿಸಿದ ಹೊಸ ಮನೆಯಲ್ಲಿ. ಅದಕ್ಕೂ ಮುಂಚೆ ನಾನು ಕಿಟಕಿ ಇದ್ದ ಮನೆಯೊಳಗೆ ಕಾಲಿಟ್ಟವಳೇ ಅಲ್ಲ.

ನಿಜಾಮರ ಕಾಲ ಅದು. ನಮ್ಮ ಹಳೆಯ ಓಣಿಯಲ್ಲಿ ಎರಡು ಎಮ್ಮೆ ಎದುರುಬದುರು ಬಂದರೆ ಒಂದು ಹಿಂದೆ ಸರಿಯಬೇಕಿತ್ತು. ಮನೆಗಳೆಲ್ಲ ಮಣ್ಣಿನವು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡವು. ಬಾಗಿಲು ದಾಟಿದರೆ ದನ, ಅದರಾಚೆ ಪಡಸಾಲೆ, ಅದರಾಚೆ ಕತ್ತಲೆಯ ಕೋಣೆ. ಮಾಳಿಗೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ, ಅಷ್ಟೇ. ಜೋಳ ತುಂಬಿದ ಹಗೇವು ನೆಲದೊಳಗೆ. ಅದರ ಜೊತೆಗೆ ಇಲಿಗಳೂ...

ದೊಡ್ಡವ್ವ ನಮಗೆ ಸಂಬಂಧಿಯಲ್ಲ. ಎದುರುಮನೆಯವಳು, ಅವ್ವನಿಗಿಂತ ಹಿರಿಯಳು, ಹೀಗಾಗಿ ದೊಡ್ಡವ್ವ. ಎತ್ತರದ ಹೆಂಗಸು, ಮಾತು ಕಡಿಮೆ. ನನ್ನ ತಲೆ ಬಾಚುವಾಗ ಕಣ್ಣಲ್ಲಿ ನೀರು ಬರುವಂತೆ ಜಗ್ಗುತ್ತಿದ್ದಳು, ಆಮೇಲೆ ಏನೂ ಆಗಿಲ್ಲವೆಂಬಂತೆ ಒಂದು ಚೂರು ಬೆಲ್ಲ ಕೈಗಿಡುತ್ತಿದ್ದಳು. ಒಂದು ವರ್ಷ ಪ್ಲೇಗು ಬಂದಾಗ ಆಕೆಯ ಗಂಡನೂ ಹನ್ನೊಂದು ವರ್ಷದ ಮಗಳೂ ಒಂದೇ ವಾರದಲ್ಲಿ ತೀರಿಕೊಂಡರು. ಮನೆಯಲ್ಲಿ ಉಳಿದವರು ಆಕೆ ಮತ್ತು ಕಣ್ಣು ಕಾಣದ ಮುದಿ ಅತ್ತೆ. ಗೋಡೆಯಾಚೆಯ ಭಾಗದಲ್ಲಿ ಮೈದುನನ ಸಂಸಾರ.

ಮರುವರ್ಷ ತಹಸೀಲ ಕಚೇರಿಯಿಂದ ಒಬ್ಬ ಸಾಹೇಬರು ಬಂದು ಹಳ್ಳದಾಚೆಯ ಬಯಲಿನಲ್ಲಿ ಸರಪಳಿ ಎಳೆದು, ಕಲ್ಲು ನೆಟ್ಟು, ಸುಣ್ಣದ ಗೆರೆ ಹಾಕಿದರು. ಪ್ಲೇಗಿನ ಊರಿಗೆ ಹೊಸ ಓಣಿ ಮಾಡುತ್ತಾರಂತೆ, ನೆಟ್ಟಗಿನ ದಾರಿಯಂತೆ, ಮನೆಮನೆಗೂ ನಡುವೆ ಜಾಗವಂತೆ, ಪ್ರತಿ ಕೋಣೆಗೂ ಕಿಟಕಿ ಇಡಲೇಬೇಕಂತೆ ಎಂದು ಸುದ್ದಿ. ಕಾಗದದ ಮೇಲೆ ಬರೆದ ಓಣಿ ಎಂದು ಜನ ಅದಕ್ಕೆ ನಕ್ಷಾ ಓಣಿ ಎಂದು ಹೆಸರಿಟ್ಟು ನಕ್ಕರು. ಡಂಗುರ ಸಾರಿ ಆರು ತಿಂಗಳಾದರೂ ಒಬ್ಬರೂ ಹೋಗಲಿಲ್ಲ. ಅಲ್ಲಿ ಗುಡಿಯಿಲ್ಲ, ಮಸೀದಿಯಿಲ್ಲ, ಪಕ್ಕದಲ್ಲೇ ಸುಡುಗಾಡು. ನಮ್ಮಪ್ಪನೂ ನಕ್ಕವರಲ್ಲಿ ಒಬ್ಬ. "ಕಿಡಕಿ ಇಟ್ಟು ಕುಂತ್ರ ಹಾದಿ ಮ್ಯಾಗ ಹೋಗಾವ್ರು ನಮ್ಮ ರೊಟ್ಟಿ ಎಣಸ್ತಾರ" ಎನ್ನುತ್ತಿದ್ದ.

ಒಂದು ದಿನ ದೊಡ್ಡವ್ವ ಕಚೇರಿಗೆ ಹೋಗಿ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬಂದಳು.

ಆ ಸಂಜೆ ಮೈದುನ ಓಣಿಗೆಲ್ಲ ಕೇಳುವಂತೆ ಕೂಗಾಡಿದ. ನಾನು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದೆ.

"ವೈನಿ, ಗಂಡ ಸತ್ತಾಕಿ ಬಯಲಾಗ ಹೋಗಿ ಒಬ್ಬಾಕಿನ ಇದ್ರ ನಾವು ಮಂದಿಗೆ ಹೆಂಗ ಮಾರಿ ತೋರಸೂಣ? ನಮ್ಮ ಮಾನಾ ಏನಾಕ್ಕೈತಿ?"

ದೊಡ್ಡವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ತಮ್ಮಾ, ಹಾಡಹಗಲ ಚಿಮಣಿ ಹಚ್ಚಿ ನನ್ನ ಮಗಳ ಮಾರಿ ನೋಡೇನಿ ನಾನು. ಗಡ್ಡಿ ಎಲ್ಲಿ ಎದ್ದೈತಿ ಅಂತ ಕೈಲೆ ತಡವಿ ಹುಡುಕೇನಿ. ಮಾನಾ ನೀವು ಇಟಗೋರಿ. ನನಗ ಬೆಳಕು ಬೇಕು."

ಮೈದುನ ತಾಯಿಯ ಕಡೆ ತಿರುಗಿದ. ಕುರುಡಿ ಸೊಸೆಯ ಜೊತೆ ಯಾಕೆ ಹೋದಾಳು ಎಂದು ಎಲ್ಲರೂ ಅಂದುಕೊಂಡಿದ್ದರು. ಮುದುಕಿ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ, "ನನ್ನ ಗಂಟು ಕಟ್ಟವ್ವಾ" ಎಂದಳು, ಅಷ್ಟೇ.

ದೊಡ್ಡವ್ವನ ತವರೂರು ತಳಕಲ್ಲಿನಿಂದ ಎರಡು ಬಂಡಿ ಮರ ಬಂತು. ಬೇಸಿಗೆ ಮುಗಿಯುವುದರೊಳಗೆ ಮನೆ ಎದ್ದಿತು. ಆ ದೊಡ್ಡ ಬಯಲಿನಲ್ಲಿ ಸಾಲು ಸಾಲು ಕಲ್ಲು, ನಡುವೆ ಒಂದೇ ಮನೆ. ನಾನು ಮೊದಲ ಸಲ ಹೋದ ದಿನ ಮುದುಕಿ ಕಿಟಕಿಯ ಕೆಳಗೆ ಕುಳಿತು ಗಾಳಿಗೆ ಮುಖ ಒಡ್ಡಿದ್ದಳು. ನಾನು ಸರಳಿಗೆ ಜೋತುಬಿದ್ದು ಹೊರಗೆ ನೋಡಿದೆ. ಮನೆಯ ಒಳಗಿದ್ದುಕೊಂಡೇ ದೂರದ ಬೇವಿನ ಗಿಡ ಕಾಣುತ್ತದೆ ಎಂಬುದನ್ನು ನನಗೆ ನಂಬಲಿಕ್ಕೇ ಆಗಲಿಲ್ಲ. ಜಿಗಿದು ಜಿಗಿದು ನೋಡಿದೆ. ದೊಡ್ಡವ್ವ ನಕ್ಕಳು. ಮಗಳು ಹೋದ ಮೇಲೆ ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ ಇರಬೇಕು...

ಮುಂದಿನ ಮಳೆಗಾಲದ ಕೊನೆಗೆ ಹಳೆಯ ಓಣಿಯಲ್ಲಿ ಮತ್ತೆ ಇಲಿ ಸತ್ತು ಬಿದ್ದವು. ಮೊದಲು ದನದ ಹಕ್ಕೆಯಲ್ಲಿ ಎರಡು, ಮರುದಿನ ನಮ್ಮ ಒಲೆಯ ಹಿಂದೆ ಒಂದು. ಪ್ಲೇಗು ಬಂತೆಂದು ಜನ ಗಂಟು ಕಟ್ಟಿಕೊಂಡು ಹೊಲಗಳಿಗೆ ಹೊರಟರು. ನಮಗೆ ಮಾತ್ರ ಹೋಗುವ ಹಾಗಿರಲಿಲ್ಲ. ಅವ್ವನಿಗೆ ದಿನ ತುಂಬಿದ್ದವು. ಎರೆಹೊಲವೆಲ್ಲ ಕೆಸರು, ಅಲ್ಲಿ ಗುಡಿಸಲು ಹಾಕಿದರೆ ಬಾಣಂತಿ ಉಳಿಯುತ್ತಾಳೆಯೇ ಎಂದು ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

ಮಧ್ಯಾಹ್ನ ದೊಡ್ಡವ್ವ ಬಂದಳು. ಹೊಸ್ತಿಲಾಚೆ ನಿಂತೇ, "ಬಂಡಿ ಹೂಡ್ರಿ" ಎಂದಳು.

ಅಪ್ಪ ಎದ್ದು ನಿಂತ. "ಯಕ್ಕಾ, ಇಲಿ ಬಿದ್ದ ಮನ್ಯಾಗಿಂದ ಬರಾವ್ರು ನಾವು. ನಿಮ್ಮನಿಗೆ ಹೆಂಗ..."

"ನಾಕು ಕಿಡಕಿ ಅದಾವ ನನ್ನ ಮನಿಗೆ. ನೀರು ಕಾಸೇನಿ. ಜಳಕಾ ಮಾಡಿ ಬ್ಯಾರೆ ಬಟ್ಟಿ ಉಟಗೊಂಡು ಒಳಗ ಬರ್ರಿ. ಮಾತಾಡಕೋಂತ ನಿಂದ್ರಬ್ಯಾಡ್ರಿ."

ನನ್ನ ತಂಗಿ ಹುಟ್ಟಿದ್ದು ಆ ಮನೆಯಲ್ಲಿ, ಬೆಳಗಿನ ಬಿಸಿಲು ಕೋಣೆಯ ತುಂಬ ಬಿದ್ದಿದ್ದಾಗ. ಕೂಸನ್ನು ಕಿಟಕಿಯ ಹತ್ತಿರ ಒಯ್ದು ದೊಡ್ಡವ್ವ ಬಹಳ ಹೊತ್ತು ನೋಡಿದಳು.

ತಂಗಿಗೆ ಎಂಟು ದಿನವಾಗಿರಬೇಕು, ಹಳೆಯ ಓಣಿಯಿಂದ ಒಂದು ಸುದ್ದಿ ಬಂತು. ಮೈದುನನಿಗೆ ಜ್ವರ ಬಂದು ತೊಡೆಸಂದಿಯಲ್ಲಿ ಗಡ್ಡೆ ಎದ್ದಿದೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದಾಳೆ, ಒಂದು ಕೊಡ ನೀರಿಟ್ಟು ಅವನನ್ನು ಒಳಗಿನ ಕತ್ತಲೆಯ ಕೋಣೆಯಲ್ಲೇ ಬಿಟ್ಟಿದ್ದಾರೆ. ಆ ಹೆಂಡತಿಯನ್ನು ಬೈಯಲು ನನಗೆ ಈಗ ಬಾಯಿ ಬರುವುದಿಲ್ಲ. ಮೂರು ಸಣ್ಣ ಮಕ್ಕಳಿದ್ದವು ಆಕೆಗೆ.

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈ ತೊಳೆದಳು. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡಳು.

"ಹಾರಿ ಯಾಕ ಯಕ್ಕಾ?" ಎಂದ ಅಪ್ಪ.

"ಆ ಕೋಣಿ ನನಗ ಗೊತ್ತೈತಿ" ಎಂದಳು.

ಅಪ್ಪ ಹಿಂದೆಯೇ ಹೋದ. ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಆಕೆ ರೋಗಿಯ ಹತ್ತಿರ ಹೋಗುವ ಮೊದಲು ಹಿತ್ತಿಲಿಗೆ ಹೋಗಿ ಆ ಕತ್ತಲೆಯ ಕೋಣೆಯ ಹಿಂಗೋಡೆಗೆ ಹಾರೆ ಹಾಕಿದಳಂತೆ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಅಪ್ಪನೂ ಕೈ ಹಚ್ಚಿದ. ಆಳೊಬ್ಬ ತೂರುವಷ್ಟು ಕಿಂಡಿಯಾದ ಮೇಲೆ ಅವನನ್ನು ಹಿಂದಕ್ಕೆ ಕಳಿಸಿ ಆಕೆ ಒಳಗೆ ಹೋದಳು. "ಕೂಸು ಐತಿ ಮನ್ಯಾಗ, ನೀವು ಒಳಗ ಬರಬ್ಯಾಡ್ರಿ. ಗಂಜಿ ಮಾಡಿ ಹಿತ್ತಲ ಕಲ್ಲಿನ ಮ್ಯಾಗ ಇಟ್ಟ ಹೋಗ್ರಿ" ಎಂದಳಂತೆ.

ದಿನಾ ಅಪ್ಪ, ನಾನು ಹೋಗುತ್ತಿದ್ದೆವು. ಅಪ್ಪ ಓಣಿಯ ಬಾಯಲ್ಲಿ ಕಟ್ಟಿದ್ದ ಮೈದುನನ ದನಗಳಿಗೆ ನೀರು ಕುಡಿಸುತ್ತಿದ್ದ. ನಾನು ಹಿತ್ತಿಲಿಗೆ ಹೋಗಿ ಗಂಜಿ ಇಟ್ಟು, ಖಾಲಿ ಬೋಗುಣಿ ತರುತ್ತಿದ್ದೆ. ಮೈದುನನ ಗಡ್ಡೆ ಒಡೆದು ಜ್ವರ ಇಳಿಯಿತು. ಅವನು ಉಳಿದ ಎಂಬ ಸುದ್ದಿ ಬಂದ ಮರುದಿನ ನಾನು ಹೋದಾಗ ಹಿಂದಿನ ದಿನದ ಗಂಜಿ ಕಲ್ಲಿನ ಮೇಲೆ ಹಾಗೇ ಇತ್ತು.

"ಯಾರವ್ವಾ ಅದು?" ಕಿಂಡಿಯೊಳಗಿಂದ ದೊಡ್ಡವ್ವನ ದನಿ. ಆದರೆ ಅದು ದೊಡ್ಡವ್ವನ ದನಿಯಂತೆ ಇರಲಿಲ್ಲ.

"ನಾನು."

"ಹತ್ರ ಬರಬ್ಯಾಡ. ಅಲ್ಲೇ ಬಿಸಿಲಾಗ ಒಂಚೂರು ನಿಂದ್ರವ್ವಾ. ನಿನ್ನ ಮಾರಿ ಕಾಣಲಿ."

ಹತ್ತು ಹೆಜ್ಜೆ ಬಲಕ್ಕೆ, ಬಿಸಿಲಿಗೆ ಸರಿದಿದ್ದರೆ ಸಾಕಿತ್ತು. ಕಿಂಡಿಯ ಅಂಚಿನಲ್ಲಿ ಒಂದು ಕೈ ಕಂಡಿತು... ನಾನು ಬೋಗುಣಿಯನ್ನು ಅಲ್ಲೇ ಬಿಟ್ಟು ಓಡಿದೆ. ಅಪ್ಪನಿಗೆ ಏನೂ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ, ಆಕೆ ಸಾಯುವ ತನಕ.

ಎರಡು ದಿನದ ಮೇಲೆ ದೊಡ್ಡವ್ವ ಹೋದಳು. ಎದ್ದು ಕೂಡಲೂ ಶಕ್ತಿಯಿಲ್ಲದ ಮೈದುನ ಗೋಡೆ ಹಿಡಿದು ಹಿಡಿದು ಹೊರಗೆ ಬಂದು, ಓಣಿಯ ನಡುವೆ ಕುಳಿತು ಅತ್ತನಂತೆ. ಚಳಿಗಾಲದಲ್ಲಿ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಆ ಹೊಸ ಮನೆಯಲ್ಲೇ ಕುರುಡಿ ತಾಯಿಯ ಜೊತೆ ಉಳಿದ. ನಾವು ಅದರ ಪಕ್ಕದ ಜಾಗಕ್ಕೆ ಅರ್ಜಿ ಹಾಕಿದೆವು. ಆಮೇಲೆ ಪಿಂಜಾರರ ಎರಡು ಮನೆ, ಆಮೇಲೆ ಶೆಟ್ಟರು... ನಾಕೈದು ವರ್ಷಗಳಲ್ಲಿ ನೆಟ್ಟ ಕಲ್ಲುಗಳೆಲ್ಲ ಮನೆಗಳ ಅಡಿ ಹೋದವು. ಮುದುಕಿ ಬದುಕಿದ್ದಷ್ಟು ದಿನ ಯಾರಾದರೂ ಅಂಗಳಕ್ಕೆ ಬಂದ ಸಪ್ಪಳವಾದರೆ, "ಬಂದ್ಯೇನವ್ವಾ?" ಎಂದು ಕೇಳುತ್ತಿದ್ದಳು. ಮೈದುನ ಪ್ರತಿ ಸಲವೂ, "ನಾನಬೇ, ನಾನು" ಎನ್ನುತ್ತಿದ್ದ.

ಈಗ ನಕ್ಷಾ ಓಣಿ ಎಂದರೆ ಊರಲ್ಲಿ ಯಾರಿಗೂ ತಿಳಿಯುವುದಿಲ್ಲ. ಊರು ಬೆಳೆದು ಅದನ್ನು ದಾಟಿ ಎಷ್ಟೋ ದೂರ ಹೋಗಿದೆ. ಮೊದಲ ಮನೆ ಇದ್ದ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡವಿದೆ, ಕೆಳಗೆ ಬಟ್ಟೆಯ ಅಂಗಡಿ. ದೊಡ್ಡವ್ವನ ಒಂದು ಫೋಟೋ ಕೂಡ ಇಲ್ಲ. ಆ ಕಾಲಕ್ಕೆ ಯಾರು ತೆಗೆಸುತ್ತಿದ್ದರು? ಆಗ ದೊಡ್ಡವರಾಗಿದ್ದವರೆಲ್ಲ ಹೋದರು. ಮೈದುನನ ಮಕ್ಕಳೂ ಒಬ್ಬೊಬ್ಬರಾಗಿ ಹೋದರು. ತಂಗಿ ಇದ್ದಾಳೆ, ಆದರೆ ಆಕೆಗೆ ದೊಡ್ಡವ್ವ ಎಂದರೆ ನಾನು ಹೇಳಿದ ಕತೆ ಮಾತ್ರ. ಆಕೆಯನ್ನು ಕಣ್ಣಾರೆ ಕಂಡವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ನನ್ನ ಕಣ್ಣುಗಳೂ ಮಂಜಾಗುತ್ತಿವೆ.