ಹುಡುಗರಿಲ್ಲದ ಹಡಗು

ಕಲಬುರಗಿಯ ನನ್ನ ಟ್ರಾವೆಲ್ಸ್ ಆಫೀಸಿಗೆ ಕಮಲಾಪುರದ ಶಾಂತಕ್ಕ ಗಂಡನ ಜೊತೆ ಬಂದಿದ್ದರು. ಸ್ಪೇನ್, ಇಟಲಿ ಕಡೆಯ ಸಮುದ್ರದಲ್ಲಿ ಒಂದು ವಾರದ ಹಡಗಿನ ಪ್ರವಾಸಕ್ಕೆ.

“ತಮ್ಮಾ, ಹಡಗಿನಾಗ ಹುಡುಗ್ರು ಎಷ್ಟ್ ಮಂದಿ ಇರ್ತಾರ? ಹುಡುಗ್ರಿದ್ದಲ್ಲಿ ಬರಿಗೈಲೆ ಹೋಗಬಾರದು, ಶೇಂಗಾ ಹೋಳಗಿ ಮಾಡ್ಕೊತೀನಿ.”

“ಒಬ್ರೂ ಇರಂಗಿಲ್ರಿ ಅಕ್ಕಾರ. ಅದು ದೊಡ್ಡವರಿಗಷ್ಟೇ ಇರೋ ಹಡಗು.”

“ಹುಡುಗ್ರಿಲ್ಲದ ಕಡಿ ವಾರಗಟ್ಲೆ ಏನ್ ಮಾಡೂದು?” ಎಂದು ಗಂಡನ ಮುಖ ನೋಡಿದರು. ಬುಕಿಂಗ್ ಕೈತಪ್ಪಿತು ಅಂದುಕೊಂಡೆ. ಆದರೂ ಹೋದರು, ಹೋಳಿಗೆ ಸಮೇತ.

ತಿರುಗಿ ಬಂದ ಮೇಲೆ ಹೋಳಿಗೆ ಏನಾಯಿತೆಂದು ವಿಚಾರಿಸಿದೆ.

“ಒಂದೂ ಉಳೀಲಿಲ್ಲ. ಹುಡುಗ್ರಿಲ್ಲಂತ ಸುಳ್ಳ್ ಹೇಳಿದಿ ನೀ. ನೀರಿನ ಜಾರಬಂಡಿ ಮುಂದ ನನ್ನ ಪಾಳಿ, ನಿನ್ನ ಪಾಳಿ ಅಂತ ಜಗಳಾಡ್ತಿದ್ರು. ಎಲ್ಲಾರದೂ ತಲಿ ಬೆಳ್ಳಗ.”

ಗಂಡ ಮೆಲ್ಲಗೆ ಹೇಳಿದರು: “ಆ ಜಗಳದಾಗ ಇಕೀನೂ ಇದ್ಳರಿ.”